ಗೋಡೆಗೆ ತೂಗುಹಾಕಿದ ಮನೆ

"ಆಯಿ, ಇತ್ತ ನೋಡ್ರಿ... ಹಾಂ, ಹಂಗ ಇರ್ರಿ," ಎನ್ನುತ್ತ ಬೀರದೇವ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ.

ಸೋನಾಬಾಯಿ ಅಲುಗಲಿಲ್ಲ. ಎಂಬತ್ತರ ಹತ್ತಿರದ ಮುದುಕಿ, ಮಗ ಕೊಂಡ ಮನೆಯ ಪಡಸಾಲೆಯಲ್ಲಿ ಜಮಖಾನದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಮಡಿಲಲ್ಲಿ ಸೊಸೆಯ ತವರಿನವರು ಉಡುಗೊರೆಯಾಗಿ ಆಯಾರ ಮಾಡಿದ ಇಳಕಲ್ ಸೀರೆ. ಅವಳ ಎಡಬಲಕ್ಕೆ ಬೀಗರು, ನೆಂಟರು, ಹತ್ತು ಹನ್ನೊಂದು ಮಂದಿ ಹಿರಿಯರು ಅದೇ ಗೋಡೆಗೆ ಸಾಲಾಗಿ ಒರಗಿದ್ದರು. ವಾಸ್ತುಶಾಂತಿಯ ದಿನ ಹಿರಿಯರನ್ನು ಹೀಗೆ ಕೂರಿಸಿ, ಒಬ್ಬೊಬ್ಬರಿಗೂ ಟೊಪ್ಪಿಗೆ, ಟವಲು, ಸೀರೆ ಕೊಟ್ಟು ಕಾಲು ಮುಟ್ಟುವುದು ಆ ಕಡೆಯ ಪದ್ಧತಿ. ಒಬ್ಬೊಬ್ಬರದೂ ಒಂದೊಂದು ಫೋಟೊ ಆಗಲೇಬೇಕು. ಒಂದು ತಪ್ಪಿತೋ, ಆ ನೆಂಟರು ಮೂರು ವರ್ಷ ಮಾತು ಬಿಡುತ್ತಾರೆ.

ಮುದುಕಿಯ ಸೆರಗಿನ ಕಪ್ಪು ಅಂಚಿನ ಮೇಲೆ ಏನೋ ಬೆಳ್ಳಗೆ ಕಂಡಿತು. ಅಕ್ಷತೆ ಇರಬೇಕು ಅಂದುಕೊಂಡ. ಲೆನ್ಸು ತಿರುಗಿಸಿ ಹತ್ತಿರ ಎಳೆದುಕೊಂಡು ನೋಡಿದ. ಅಕ್ಷತೆಯಲ್ಲ, ಕೆನೆಬಣ್ಣದ ಪೇಂಟಿನ ಹೊಪ್ಪಳೆ, ಅದರ ಜೊತೆಗೆ ಚಿಟಿಕೆ ಮಣ್ಣು. ಅವನು ನೋಡುತ್ತಿದ್ದಂತೆಯೇ ಮೇಲಿನಿಂದ ಇನ್ನೊಂದು ಚಿಟಿಕೆ ಉದುರಿತು. ಸೋನಾಬಾಯಿ ಹೆಗಲು ಜಾಡಿಸಿಕೊಂಡು, "ಮ್ಯಾಲೆ ಇಲಿ ಅದಾವ ಕಾಣ್ತೈತಿ," ಎಂದಳು.

ಹದಿನೈದು ವರ್ಷದಲ್ಲಿ ಬೀರದೇವ ಎಷ್ಟು ಮದುವೆ, ಕೂಸುಗಳ ಎಷ್ಟು ಜವಳ ತೆಗೆದಿದ್ದನೋ, ಒಂದು ಫೋಟೊವೂ ಅಲುಗಿರಲಿಲ್ಲ. ಈಗ ತೆಗೆದದ್ದು ಅಲುಗಿಹೋಯಿತು.

ಮುದುಕಿಯ ತಲೆಯ ಮೇಲೆ, ಅದೇ ಗೋಡೆಗೆ ಒಂದು ಮೊಳೆ ಹೊಡೆದು ದೊಡ್ಡ ಫೋಟೊ ತೂಗುಹಾಕಿದ್ದರು. ಅದು ದೇವರದಲ್ಲ, ಹಿರಿಯರದೂ ಅಲ್ಲ. ಇದೇ ಪಡಸಾಲೆಯದು. ಕೆನೆಬಣ್ಣದ ನುಣುಪಾದ ಗೋಡೆ, ಸೋಫಾ, ರೇಶಿಮೆಯ ಪರದೆ, ಹೂವಿನ ಕುಂಡ. ಬೀರದೇವ ತೆಗೆದದ್ದು. ಅವನ ಜನ್ಮದಲ್ಲೇ ಎಲ್ಲಕ್ಕಿಂತ ಚಂದ ಬಂದ ಫೋಟೊ, ಅವನ ಜನ್ಮದಲ್ಲೇ ಎಲ್ಲಕ್ಕಿಂತ ದೊಡ್ಡ ಸುಳ್ಳು.

ಅದು ಏಪ್ರಿಲ್ ತಿಂಗಳ ಮಾತು. ಉಗಾರ ಖುರ್ದದಲ್ಲಿ ಬೀರದೇವನದೊಂದು ಸ್ಟುಡಿಯೊ. ಅಪ್ಪ ಕುರಿ ಕಾಯ್ದವನು, ಮಗ ಕ್ಯಾಮೆರಾ ಹಿಡಿದ. ಆದರೆ ಎರಡು ವರ್ಷದಿಂದ ಎಲ್ಲರ ಕೈಯಲ್ಲೂ ಮೊಬೈಲು ಬಂದು, ಪಾಸ್‌ಪೋರ್ಟ್ ಫೋಟೊಕ್ಕೆ ಬಿಟ್ಟರೆ ಸ್ಟುಡಿಯೊದ ಮೆಟ್ಟಿಲು ಹತ್ತುವವರೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬಂದವನು ಆಬಾಸಾಹೇಬ. ಮನೆ, ಪ್ಲಾಟು ಮಾರಿಸಿಕೊಡುವ ದಲ್ಲಾಳಿ. ನಿಪ್ಪಾಣಿಯಿಂದ ಅಥಣಿಯವರೆಗೆ ಅವನನ್ನು ತಿಳಿಯದವರಿಲ್ಲ.

"ಬೀರಪ್ಪಾ, ಕೊಲ್ಲಾಪುರದಾಗ ನೋಡ್ಕೊಂಡ ಬಂದೀನಿ," ಎಂದಿದ್ದ ಆಬಾಸಾಹೇಬ. "ಅಲ್ಲೆ ಮನಿ ಮಾರೂ ಮೊದಲ ಮನಿಗಿ ಶೃಂಗಾರ ಮಾಡ್ತಾರ. ಕ್ಯಾಮೆರಾದಾಂವನ್ನ ಕರಸ್ತಾರ. ಫೋಟೊ ಇಂಟರ್‌ನೆಟ್‌ನ್ಯಾಗ ಹಾಕ್ತಾರ. ರಾಜಾರಾಮನ ಮನಿ ಎರಡ ವರ್ಷ ಆತು, ಹೋಗವಲ್ದು. ನಿನ್ನ ಕೈಗುಣ ತೋರಸು."

ರಾಜಾರಾಮ ಸಾಂಗಲಿಗೆ ಹೋಗಿ ನೆಲೆಸಿದವನು. ಅವನ ಮನೆ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ಹಳೆಯ ಮಣ್ಣಿನ ಗೋಡೆ, ಮೇಲೆ ಸಿಮೆಂಟಿನ ಗಿಲಾಯಿ. ಒಂಬತ್ತು ವರ್ಷದ ಹಿಂದಿನ ಮಹಾಪೂರದಲ್ಲಿ ಕೃಷ್ಣೆಯ ನೀರು ಐದು ದಿನ ಒಳಗೆ ನಿಂತಿತ್ತು. ಪಡಸಾಲೆಯ ಪಡುವಣ ಗೋಡೆ ನಡುವಿನಲ್ಲಿ ಉಬ್ಬಿತ್ತು. ಮೇಲಿನ ಮೂಲೆಯಿಂದ ನೆಲದವರೆಗೆ ಬೆರಳು ತೂರುವಷ್ಟು ಅಗಲದ ಬಿರುಕೊಂದು ಓರೆಯಾಗಿ ಇಳಿದಿತ್ತು.

ಬೀರದೇವ ಸ್ಟುಡಿಯೊದ ಸೋಫಾ ತಂದು ಹಾಕಿದ. ಮದುವೆ ಮಂಟಪದವನ ಹತ್ತಿರ ಪರದೆ ಬೇಡಿ ತಂದ. ಗೋಡೆಯ ಬುಡಕ್ಕೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟ. ಟೀಪಾಯಿಯ ಮೇಲೆ ಬುಟ್ಟಿ ತುಂಬ ಸೇಬು ಇಟ್ಟರೆ, ಫೋಟೊ ಮುಗಿಯುವುದರೊಳಗೆ ಆಬಾಸಾಹೇಬ ಎರಡನ್ನು ತಿಂದು ಮುಗಿಸಿದ್ದ. ಕಿಟಕಿಯಿಂದ ಪಕ್ಕಕ್ಕೆ ಬೀಳುವ ಬೆಳಕು ಗೋಡೆಯ ಉಬ್ಬನ್ನು ಚಾಡಿ ಹೇಳುತ್ತದೆ. ಅದು ಬೀರದೇವನಿಗೆ ಗೊತ್ತು. ಆದ್ದರಿಂದ ಕಿಟಕಿ ಮುಚ್ಚಿ, ಎರಡು ಲೈಟು ನೇರ ಎದುರಿಗೆ ನಿಲ್ಲಿಸಿದ. ಉಬ್ಬು ಮಾಯವಾಯಿತು. ಉಳಿದದ್ದು ಬಿರುಕು.

"ಇದೇನ್ ರೋಗ ಅಲ್ಲೋ, ಮಾರಿ ಮ್ಯಾಲಿನ ಮೊಡವಿ," ಎಂದ ಆಬಾಸಾಹೇಬ. "ಮದುವಿ ಹುಡಗ್ಯಾರ ಮೊಡವಿ ತಗೀತಿ ಇಲ್ಲೋ? ಇದನ್ನೂ ತಗದ ಬಿಡು."

ತೆಗೆದ. ಮದುಮಗಳ ಕೆನ್ನೆಯನ್ನು ನುಣುಪು ಮಾಡುವ ಹಾಗೆಯೇ, ಕಂಪ್ಯೂಟರಿನ ಮುಂದೆ ಕಾಲು ಗಂಟೆ ಕೂತು ಗೋಡೆಗೆ ಕೆನೆಬಣ್ಣ ತುಂಬಿ ನುಣುಪು ಮಾಡಿದ. ಅದರಲ್ಲಿ ತಪ್ಪೇನಾದರೂ ಇದೆ ಅಂತ ಆಗ ಹೊಳೆಯಲೇ ಇಲ್ಲ. ಯಾವ ಮದುಮಗಳು ಮೊಡವೆ ತೆಗೆದದ್ದಕ್ಕೆ ಜಗಳಕ್ಕೆ ಬಂದಿದ್ದಾಳೆ? ಆಬಾಸಾಹೇಬ ಆ ಫೋಟೊವನ್ನು ಪೇಂಟರನ ಕೈಗೆ ಕೊಟ್ಟು, ಬಿರುಕಿಗೆ ಸಿಮೆಂಟು ಮೆತ್ತಿಸಿ, ಗೋಡೆಗೆ ಅದೇ ಕೆನೆಬಣ್ಣ ಹೊಡೆಸಿದ. ಮನೆ ನೋಡಿ ಫೋಟೊ ತೆಗೆಯುವುದು ಲೋಕರೂಢಿ. ಇಲ್ಲಿ ಫೋಟೊ ನೋಡಿ ಮನೆ ಮಾಡಿದರು.

ಇಪ್ಪತ್ತು ದಿನದಲ್ಲಿ ಮನೆ ಹೋಯಿತು. ಐಗಳಿಯ ಸಂಗ್ರಾಮ ಬಾರಾಮತಿಯ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದ. ಉಗಾರದಲ್ಲಿ ಕೆಲಸ ಸಿಕ್ಕಿ, ಹೆಂಡತಿ ಪೂನಮ, ಆರು ತಿಂಗಳ ಕೂಸು, ತಾಯಿ ಸೋನಾಬಾಯಿ ಎಲ್ಲರೂ ಒಂದೇ ಸೂರಿನಡಿ ಇರಲೆಂದು ಮನೆ ಹುಡುಕುತ್ತಿದ್ದ. ಮೊಬೈಲಿನಲ್ಲಿ ಫೋಟೊ ನೋಡಿದ, ಮರುಳಾದ. ಬಂದು ನೋಡಿದ್ದು ಒಂದೇ ಸಂಜೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಅದೂ ಕಣ್ಣಿನ ತುಂಬ ಫೋಟೊ ತುಂಬಿಕೊಂಡು. ಬೀರದೇವನ ಹೆಸರು ಹಬ್ಬಿತು. ಚಿಕ್ಕೋಡಿಯಿಂದ, ರಾಯಬಾಗದಿಂದ ಮನೆ ಮಾರುವವರು ಫೋನು ಮಾಡತೊಡಗಿದರು. ಸ್ಟುಡಿಯೊದ ಬೋರ್ಡಿನಲ್ಲಿ ಒಂದು ಸಾಲು ಹೊಸದಾಗಿ ಬರೆಸಿದ: 'ಇಲ್ಲಿ ಮಾರಾಟದ ಮನೆಗಳ ಫೋಟೊ ತೆಗೆಯಲಾಗುವುದು'.

ಭಯ ಶುರುವಾದದ್ದು ಜುಲೈಯಲ್ಲಿ. ಅಥಣಿ ಕಡೆಯ ಅನಂತಪುರದಲ್ಲಿ ಮಳೆಗೆ ಒಂದು ಮನೆಯ ಗೋಡೆ ಬಿದ್ದಿತ್ತು. ಪಂಚನಾಮೆಗೆ ಫೋಟೊ ಬೇಕೆಂದು ಬೀರದೇವನನ್ನು ಕರೆಸಿದರು. ಮಣ್ಣಿನ ರಾಶಿಯ ಅಡಿಯಿಂದ ಎಮ್ಮೆಯ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಮನೆಯ ಯಜಮಾನ ಸತ್ಯಪ್ಪ ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಅದೇ ಮಾತು ಹೇಳುತ್ತಿದ್ದ.

"ಮೂರ ದಿನದಿಂದ ಮಣ್ಣ ಉದರತಿತ್ರಿ. ಇಲಿ ಇರಬೇಕ ಅಂದ್ವಿ. ಗ್ವಾಡಿ ಹೇಳಾಕತ್ತಿತ್ತು, ನಮಗ ತಿಳೀಲಿಲ್ಲ. ಹುಡುಗೂರು ಸಾಲಿಗಿ ಹೋಗಿದ್ವು ಅಂತ ಉಳದ್ವುರಿ."

ಅವತ್ತಿನಿಂದ ಮಳೆಯ ಹನಿ ಕಂಡರೆ ಸಾಕು, ಬೀರದೇವನಿಗೆ ರಾಜಾರಾಮನ ಮನೆಯ ಗೋಡೆ ನೆನಪಾಗುತ್ತಿತ್ತು. ಕಂಪ್ಯೂಟರಿನಲ್ಲಿ ಉಳಿದಿದ್ದ ಮೂಲ ಫೋಟೊವನ್ನು, ಬಿರುಕು ಇರುವುದನ್ನು, ಪ್ರಿಂಟು ತೆಗೆದು ಲಕೋಟೆಗೆ ಹಾಕಿ ಕ್ಯಾಮೆರಾ ಚೀಲದಲ್ಲಿಟ್ಟುಕೊಂಡ. ಹೆಂಡತಿ ಸುಜಾತಾಳಿಗೆ ಎಲ್ಲ ಹೇಳಿದ. ಅವಳು, "ಈಗಿಂದೀಗ ಹೋಗಿ ಹೇಳಿ ಬರ್ರಿ," ಎಂದು ಅಟ್ಟಿದಳು. ಹೋದ. ಪೂನಮ ಗೇಟು ತೆಗೆದು, ಚಹಾ ಕೊಟ್ಟು, ಅವನು ಬಾಯಿ ತೆರೆಯುವ ಮೊದಲೇ, "ನೀವಾಗೇ ಬಂದ್ರಿ, ಚಲೋ ಆತು. ಪಡಸಾಲಿ ಫೋಟೊ ದೊಡ್ಡದ ಮಾಡಿ ಫ್ರೇಮ್ ಹಾಕಿಸಿ ಕೊಡ್ರಿ. ಆ ಫೋಟೊ ನೋಡೇ ಈ ಮನಿ ತಗೊಂಡೀವಿ," ಎಂದಳು. ತೊಟ್ಟಿಲಲ್ಲಿ ಕೂಸು ಕಾಲು ಬಡಿಯುತ್ತಿತ್ತು. ತೊಟ್ಟಿಲು ಆ ಗೋಡೆಯ ಬುಡದಲ್ಲೇ ಇತ್ತು. ಬೀರದೇವ ಫೋಟೊದ ಅಳತೆ ಕೇಳಿಕೊಂಡು ಬಂದ.

"ಹೇಳಿ ಬರ್ರಿ ಅಂದ್ರ ಆರ್ಡರ್ ತಗೊಂಡ ಬಂದೀರಿ," ಎಂದು ಸುಜಾತಾ ಹಣೆ ಬಡಿದುಕೊಂಡಳು.

ಕೊನೆಗೆ ಆಬಾಸಾಹೇಬನ ಹತ್ತಿರ ಹೋದ. ಅವನು ಎಲೆ ಅಡಿಕೆ ಮಡಚುತ್ತ ಸಾವಕಾಶವಾಗಿ ಹೇಳಿದ: "ಹೇಳಪಾ, ಯಾರ ಬ್ಯಾಡಂದಾರ? ಆದ್ರ ಬಿರಕ ಅಳಿಸಿದ ಕೈ ಯಾರ್ದು? ಮೊದಲ ನಿನ್ನ ಕೊಳ್ಳಪಟ್ಟಿ ಹಿಡೀತಾರ. ಆಮ್ಯಾಲ ಯಾವ ಊರಾಗ ನಿನ್ನ ಕ್ಯಾಮೆರಾ ಮನಿ ಒಳಗ ಕರಕೋತಾರ, ನಾನೂ ನೋಡ್ತೀನಿ." ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಬೀರದೇವ ನುಂಗಲೂ ಆರದೆ ಉಗುಳಲೂ ಆರದೆ ಒಂದು ತಿಂಗಳು ಕಳೆದ. ಲಕೋಟೆ ಚೀಲದಲ್ಲೇ ಉಳಿಯಿತು.

ಈಗ ಶ್ರಾವಣ; ಸಂಗ್ರಾಮ ಮೊದಲೇ ಬಂದು ನೆಲೆಸಿದ್ದರೂ ವಾಸ್ತುಶಾಂತಿಯನ್ನು ಈ ತಿಂಗಳಿಗೆ ಇಟ್ಟುಕೊಂಡಿದ್ದ. ನಾಲ್ಕು ದಿನ ಬಿಡದೆ ಹೊಡೆದ ಮಳೆ ಇವತ್ತು ಬೆಳಿಗ್ಗೆಯಷ್ಟೇ ನಿಂತಿತ್ತು. ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಹೊರಗೆ ಚುರುಚುರು ಬಿಸಿಲು. ನೆನೆದ ಮಣ್ಣಿನ ಗೋಡೆಗೆ ಮಳೆಗಿಂತ ಮಳೆ ನಿಂತ ಮೇಲಿನ ಬಿಸಿಲೇ ಕೆಟ್ಟದ್ದು ಅಂತ ಅನಂತಪುರದಲ್ಲಿ ಯಾರೋ ಹೇಳಿದ್ದು ಅವನಿಗೆ ನೆನಪಾಯಿತು.

ಪಡಸಾಲೆಯಲ್ಲಿ ಆಯಾರ ಮುಂದುವರಿದಿತ್ತು. ಮೂಲೆಯಲ್ಲಿ, ಅದೇ ಗೋಡೆಯ ಬುಡದಲ್ಲಿ, ಪೂಜೆಯ ನಂದಾದೀಪ ಉರಿಯುತ್ತಿತ್ತು. ನಾಳೆ ಸೂರ್ಯ ಹುಟ್ಟುವವರೆಗೆ ಅದು ಆರಕೂಡದು. ಎಣ್ಣೆ ಹಾಕುವ ಕೆಲಸವನ್ನು ಸೋನಾಬಾಯಿ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೀರದೇವ ತಲೆ ಎತ್ತಿ ಗೋಡೆಯನ್ನು ನೋಡಿದ. ತೆರೆದ ಕಿಟಕಿಯಿಂದ ಪಕ್ಕಕ್ಕೆ ಬೀಳುತ್ತಿದ್ದ ಬೆಳಕಿನಲ್ಲಿ ಗೋಡೆ ಏಳು ತಿಂಗಳ ಬಸುರಿಯ ಹಾಗೆ ಕಂಡಿತು. ಫೋಟೊ ತೂಗುಹಾಕಿದ ಮೊಳೆಯಿಂದ ಕೂದಲೆಳೆಯಂಥ ಗೆರೆಯೊಂದು ಕೆಳಗೆ ಹೊರಟಿತ್ತು. ಬೆಳಿಗ್ಗೆ ಅವನು ಬಂದಾಗ ಆ ಗೆರೆ ಇರಲಿಲ್ಲ.

ಆಬಾಸಾಹೇಬನೂ ಬಂದಿದ್ದ. ಅವನಿಗೂ ಟೊಪ್ಪಿಗೆ ಟವಲಿನ ಮರ್ಯಾದೆ ಆಗಿತ್ತು. ಆದರೆ ಅವನು ಜಮಖಾನದ ಮೇಲೆ ಕೂತಿರಲಿಲ್ಲ. ಮಂಡಿನೋವು ಎಂದು ಹೇಳಿ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ. ಬೀರದೇವನ ಕಣ್ಣು ಗೋಡೆಯ ಕಡೆ ಹೋದದ್ದನ್ನು ನೋಡಿ, ಸಣ್ಣಗೆ ಕೆಮ್ಮಿದ.

ಕೂಗಬೇಕು ಅನ್ನಿಸಿತು. ಕೂಗಿದರೆ ಏನೆನ್ನಬೇಕು? ಗೋಡೆ ಬೀಳುತ್ತದೆ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಆಗ, ಬೇರೆ ಏನೂ ತೋಚದೆ, ಹದಿನೈದು ವರ್ಷ ರೂಢಿಯಾದ ಮಾತು ಅವನ ಬಾಯಿಂದ ತಾನಾಗಿ ಬಂತು.

"ಎಲ್ಲಾರೂ ಹೊರಗ ಬರ್ರಿ! ಅಂಗಳದಾಗ ಒಂದ ಗ್ರೂಪ್ ಫೋಟೊ ತಗಿಯೂಣು. ಬಿಸಲ ಬಿದ್ದೈತಿ, ಇಂಥಾ ಲೈಟ್ ಆಮ್ಯಾಲ ಸಿಗಂಗಿಲ್ಲ!"

"ಆಯಾರ ಮುಗೀಲಿ ತಡೀಪಾ," ಎಂದ ಸಂಗ್ರಾಮ.

"ಇಲ್ರಿ ಸಾಹೇಬ್ರ, ಮೋಡ ಬರಾಕತ್ತಾವ. ಐದ ನಿಮಿಷ. ಏಳ್ರಿ ಮಾಮಾ, ಏಳ್ರಿ ಕಾಕೂ. ಹೊಸಾ ಟೊಪಿಗಿ ಹಾಕ್ಕೋರಿ, ಚಂದ ಕಾಣ್ತೈತಿ."

ನಮ್ಮ ಮಂದಿ ಪೊಲೀಸರ ಮಾತನ್ನಾದರೂ ಮೀರಿಯಾರು, ಫೋಟೊದವನ ಮಾತನ್ನು ಮೀರಲಾರರು. ಗೊಣಗುತ್ತ ಒಬ್ಬೊಬ್ಬರೇ ಎದ್ದರು. ಅಡುಗೆಮನೆಯ ಹೆಂಗಸರು ಕೈ ಒರೆಸಿಕೊಂಡು ಬಂದರು. ಸೋನಾಬಾಯಿ ಮಾತ್ರ ಕೂತಲ್ಲೇ ಕೂತಳು. "ನನ್ನ ಮಣಕಾಲ ಹಿಡದಾವ. ನಾ ಇಲ್ಲೇ ಇರ್ತೀನಿ, ನೀವ ಹೋಗ್ರಿ," ಎಂದು ಇನ್ನಷ್ಟು ಭಾರವಾಗಿ ಗೋಡೆಗೆ ಒರಗಿದಳು. ಅವಳ ಹೆಗಲ ಮೇಲೆ ಮತ್ತೊಂದಿಷ್ಟು ಮಣ್ಣು ಉದುರಿತು.

ಬೀರದೇವ ಅವಳ ಮುಂದೆ ಮಂಡಿಯೂರಿದ. "ಆಯಿ, ನಿಮ್ಮ ಕಾಲ ಬೀಳ್ತೀನಿ. ನಡುವಿನ ಕುರ್ಚಿ ನಿಮ್ದು. ನೀವ ಇಲ್ದ ಫೋಟೊ ತಗದ್ರ ಅದು ಮನೀ ಫೋಟೊ ಹೆಂಗ ಆದೀತು?"

ಮುದುಕಿ ಅವನ ಮುಖವನ್ನೇ ದಿಟ್ಟಿಸಿದಳು. "ನಿನ್ನ ಕಣ್ಣಾಗ ಯಾಕೋ ನೀರ ಬಂದಾವ?" ಎಂದಳು. ಉತ್ತರಕ್ಕೆ ಕಾಯದೆ ಅವನ ತೋಳು ಹಿಡಿದು ಎದ್ದಳು.

ಅಂಗಳದಲ್ಲಿ ಎಲ್ಲರೂ ನಿಂತರು. ಮುಂದೆ ಕುರ್ಚಿಗಳು, ಹಿಂದೆ ಎರಡು ಸಾಲು. ಬೀರದೇವ ಬೇಕೆಂದೇ ಅವರನ್ನು ಮುಂದೆ ಮುಂದೆ ಕರೆದು ಗೇಟಿನವರೆಗೂ ತಂದ. ಒಂದು ತೆಗೆದ. "ಇನ್ನೊಂದ್ರಿ," ಎಂದ. ಎರಡು ತೆಗೆದ. "ಕಣ್ಣ ಮುಚ್ಚೀರಿ, ಇನ್ನೊಂದ," ಎಂದ. ಹೀಗೆ ಎಷ್ಟು ಹೊತ್ತು ನಿಲ್ಲಿಸಿಕೊಳ್ಳುವುದು? ಕ್ಯಾಮೆರಾ ಇಳಿಸಿದ ಕೂಡಲೇ ಇವರೆಲ್ಲ ಒಳಗೆ ಹೋಗಿ ಮತ್ತೆ ಆ ಗೋಡೆಗೇ ಒರಗುತ್ತಾರೆ. ಕಣ್ಣು ಕ್ಯಾಮೆರಾದಲ್ಲೇ ಇಟ್ಟು ಒಂದೊಂದೇ ಮುಖ ನೋಡುತ್ತ ಹೋದ. ಮಾಮಾ. ಕಾಕೂ. ಸೋನಾಬಾಯಿ. ಸಂಗ್ರಾಮ. ಪೂನಮ, ಎರಡೂ ಕೈ ಮುಂದೆ ಕಟ್ಟಿಕೊಂಡು ನಗುತ್ತಿದ್ದಾಳೆ.

ಪೂನಮಳ ಕೈಯಲ್ಲಿ ಏನೂ ಇರಲಿಲ್ಲ.

"ವೈನಿ," ಎಂದ ಬೀರದೇವ. "ವೈನಿ, ಕೂಸ ಎಲ್ಲೆ?"

"ಮಲಗೈತ್ರಿ. ಎತ್ತಿದ್ರ ಎದ್ದೀತು ಅಂತ ತೊಟ್ಟಲದಾಗ..."

ಉಳಿದದ್ದು ಅವನ ಕಿವಿಗೆ ಬೀಳಲಿಲ್ಲ. ಕ್ಯಾಮೆರಾ ಎದೆಗೆ ಬಡಿಯುತ್ತಿರಲು ಓಡಿದ. ಬಾಗಿಲ ಹತ್ತಿರ ಆಬಾಸಾಹೇಬ ಅಡ್ಡ ಬಂದು, "ಲೇ ಬೀರ್ಯಾ, ಹುಚ್ಚ ಹಿಡೀತೇನ?" ಎಂದು ಅಂಗಿ ಹಿಡಿದ. ಬೀರದೇವ ಅವನನ್ನು ನೂಕಿದ. ಪಡಸಾಲೆ ಖಾಲಿಯಾಗಿತ್ತು. ಜನರಿಲ್ಲದ ಆ ಕೋಣೆಯಲ್ಲಿ ಗೋಡೆಯ ಸದ್ದು ಕೇಳಿಸುತ್ತಿತ್ತು. ಯಾರೋ ಒಳಗಿನಿಂದ ಹಲ್ಲು ಕಡಿದಂತೆ, ಸಣ್ಣಗೆ, ಬಿಟ್ಟು ಬಿಟ್ಟು. ಫೋಟೊ ವಾರೆಯಾಗಿತ್ತು. ಕೂದಲೆಳೆಯಂಥ ಗೆರೆ ಈಗ ಬೆರಳಗಲ ಬಾಯಿ ಬಿಟ್ಟಿತ್ತು. ಇಷ್ಟು ಹೊತ್ತು ಹಿರಿಯರ ಸಾಲಿನಾಚೆ ಮರೆಯಾಗಿದ್ದ ತೊಟ್ಟಿಲಿನ ಹೊದಿಕೆಯ ಮೇಲೆ ಮಣ್ಣು ಬಿದ್ದಿತ್ತು; ಕೂಸು ಬಾಯಿ ಚಪ್ಪರಿಸುತ್ತ ನಿದ್ದೆ ಮಾಡುತ್ತಿತ್ತು. ಬೀರದೇವ ಒಂದು ಗಳಿಗೆ ಹೊಸ್ತಿಲಲ್ಲೇ ನಿಂತುಬಿಟ್ಟ. ಆ ಗಳಿಗೆಯನ್ನು ಅವನು ಸಾಯುವವರೆಗೆ ಮರೆಯಲಾರ. ಆಮೇಲೆ ಕಣ್ಣು ಮುಚ್ಚಿಕೊಂಡೇ ಒಳಗೆ ನುಗ್ಗಿ, ಹೊದಿಕೆಯ ಸಮೇತ ಕೂಸನ್ನು ಬಾಚಿಕೊಂಡು ಹೊರಗೆ ಬಿದ್ದ.

ಕೂಸು ಎಚ್ಚರಾಗಿ ಕಿರುಚಿತು. ಪೂನಮ ಬಂದು ಕಸಿದುಕೊಂಡಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಒಳಗ ಯಾರೂ ಹೋಗಬ್ಯಾಡ್ರಿ," ಎಂದ ಬೀರದೇವ. "ಪಡಸಾಲಿ ಗ್ವಾಡಿ ಬೀಳತೈತಿ. ಅದು ಮೊದಲಿಂದಾನೂ ಬಿರಕ ಬಿಟ್ಟಿತ್ತು. ಫೋಟೊದಾಗ ಅಳಿಸಿದಾಂವ ನಾನ."

ಗೇಟಿನಾಚೆ ಆಬಾಸಾಹೇಬನ ಮೋಟರ್‌ಸೈಕಲ್ ಶುರುವಾದದ್ದು ಕೇಳಿಸಿತು. ಬೀರದೇವ ಚೀಲದಿಂದ ಲಕೋಟೆ ತೆಗೆದು ಸಂಗ್ರಾಮನ ಮುಂದೆ ಹಿಡಿದ. ಸಂಗ್ರಾಮ ಅದನ್ನು ತೆಗೆದುಕೊಳ್ಳಲಿಲ್ಲ. ಬೀರದೇವನ ಕೊರಳಪಟ್ಟಿ ಹಿಡಿದ. "ಇಷ್ಟ ದಿನ ಯಾಕ ಹೇಳಲಿಲ್ಲ? ನನ್ನ ಕೂಸ ಅದರ ಬುಡಕ ಮಲಗತಿತ್ತು. ಯಾಕ ಹೇಳಲಿಲ್ಲ?"

"ಅಂಜಿಕಿ ಬಂತ್ರಿ."

ಲಕೋಟೆಯನ್ನು ತೆಗೆದುಕೊಂಡವಳು ಸೋನಾಬಾಯಿ. ನಡುವಿನ ಕುರ್ಚಿಯಲ್ಲಿ ಕೂತೇ ಫೋಟೊ ಹೊರಗೆಳೆದು, ಕಣ್ಣಿಗೆ ಹತ್ತಿರ ಹಿಡಿದಳು. ದೃಷ್ಟಿ ಮಂದವಾಗಿತ್ತು. ತೋರುಬೆರಳನ್ನು ಬಿರುಕಿನ ಮೇಲಿಟ್ಟು, ಮೂಲೆಯಿಂದ ನಿಧಾನವಾಗಿ ಕೆಳಗಿಳಿಸಿದಳು. ಬೆರಳು ಗೋಡೆಯ ಬುಡದ ಪ್ಲಾಸ್ಟಿಕ್ ಹೂವಿನ ಕುಂಡಕ್ಕೆ ಬಂದು ನಿಂತಿತು. ಈಗ ಅಲ್ಲಿ ತೊಟ್ಟಿಲಿತ್ತು.

"ಮಗಾ, ಬಿಡು ಅವನ್ನ," ಎಂದಳು ಮಗನಿಗೆ. ಆಮೇಲೆ ಬೀರದೇವನ ಕಡೆ ತಿರುಗಿದಳು. "ಈಗ ಅಂಜಿಕಿ ಹೋತೇನು?"

"ಇಲ್ಲ ಆಯಿ. ಇನ್ನೂ ಐತಿ."

ಮುದುಕಿ ಬಾಗಿಲ ಕಡೆ ನೋಡಿದಳು. ಅಂಗಳದಿಂದ ಒಳಗಿನ ಕತ್ತಲಲ್ಲಿ ನಂದಾದೀಪದ ಕುಡಿಯೊಂದೇ ಕಾಣುತ್ತಿತ್ತು.

"ದೀಪದಾಗ ಎಣ್ಣಿ ತೀರಾಕ ಬಂದಿರ್ತೈತಿ," ಎಂದಳು. "ನಮ್ಮ ಕೂಸ ಮಲಗೂ ಗ್ವಾಡಿ ಬುಡಕೈತಿ ಅದು, ಅಂಜಿಕಿ ಇದ್ರೂ ನೀನ ಹೋಗಿ ಹಾಕಿ ಬಾ."

"ಯವ್ವಾ, ಬ್ಯಾಡ," ಎಂದ ಸಂಗ್ರಾಮ. ಅವನ ಸಿಟ್ಟು ಒಮ್ಮೆಲೇ ಇಳಿದಿತ್ತು. ಸೋನಾಬಾಯಿ ಫೋಟೊವನ್ನು ಮಡಿಲಿನ ಹೊಸ ಸೀರೆಯ ಮೇಲಿಟ್ಟು ಕಾಯುತ್ತ ಕೂತಳು.

ಬೀರದೇವ ಕೊರಳಿನಿಂದ ಕ್ಯಾಮೆರಾ ತೆಗೆದು ಖಾಲಿ ಕುರ್ಚಿಯ ಮೇಲೆ ಇಟ್ಟ. ಬರಿಗಾಲಿಗೆ ಮೆತ್ತಿದ ಅಂಗಳದ ಕೆಸರನ್ನು ಮೆಟ್ಟಿಲಿಗೆ ಒರೆಸಿದ. ಹೊಸ್ತಿಲಲ್ಲಿ ನಿಂತು ನೋಡಿದ. ಎಣ್ಣೆಯ ಗಿಂಡಿ ದೀಪದ ಪಕ್ಕದಲ್ಲೇ, ಗೋಡೆಯ ಬುಡದಲ್ಲಿತ್ತು. ಗೋಡೆ ಹಲ್ಲು ಕಡಿಯುತ್ತಿತ್ತು. ದೀಪ ಸಣ್ಣದಾಗಿತ್ತು, ಆದರೆ ಆರಿರಲಿಲ್ಲ. ಅವನು ಬಲಗಾಲು ಒಳಗಿಟ್ಟ.